ಹೆಗಲಚೀಲದೊಳಗಣ ಕಚೇರಿ

ತಿಂಗಳಿಗೊಮ್ಮೆ, ಹೆಚ್ಚುಕಡಿಮೆ ಅದೇ ತಾರೀಖಿನಂದು, ನಮ್ಮ ಬೀದಿಯ ಗೇಟುಗಳ ಚಿಲಕಗಳು ಒಂದಾದ ಮೇಲೊಂದು ಸದ್ದು ಮಾಡುತ್ತವೆ. ಕರೆಗಂಟೆಯಿದ್ದರೂ ಅದನ್ನು ಒತ್ತದೆ, ಚಿಲಕವನ್ನೇ ಎರಡು ಬಾರಿ ಕುಟ್ಟಿ, “ಮೀಟರ್!” ಎಂಬ ಒಂದೇ ಶಬ್ದದಿಂದ ತನ್ನ ಆಗಮನವನ್ನೂ ಉದ್ಯೋಗವನ್ನೂ ಅಧಿಕಾರವನ್ನೂ ಒಟ್ಟಿಗೆ ಸಾರಿ, ಮನೆಯವರು ಹೊರಬರುವುದರೊಳಗಾಗಿ ಮೆಟ್ಟಿಲ ಕೆಳಗಣ ಗೂಡಿನ ಮುಂದೆ ಕತ್ತು ಬಗ್ಗಿಸಿ ನಿಂತಿರುವ ಆ ವ್ಯಕ್ತಿಗೆ ಇಲಾಖೆಯ ಕನ್ನಡದಲ್ಲಿ ‘ಮಾಪಕ ಓದುಗ’ ಎಂಬ ಗಂಭೀರವಾದ ನಾಮಧೇಯವುಂಟು, ಬೀದಿಯ ಕನ್ನಡದಲ್ಲಿ ಆತ ‘ಮೀಟರ್ ನೋಡೋರು’. ಹೆಗಲಿನಲ್ಲೊಂದು ಚೀಲ, ಅಂಗೈಯಲ್ಲಿ ಅರ್ಧ ಇಟ್ಟಿಗೆಯಷ್ಟು ಗಾತ್ರದ ಕಪ್ಪು ಯಂತ್ರ. ಹೆಬ್ಬೆರಳಿನಿಂದ ನಾಲ್ಕಾರು ಗುಂಡಿಗಳನ್ನು ಒತ್ತಿದನೆಂದರೆ ಆ ಯಂತ್ರವು ಕರಕರನೆ ಸದ್ದು ಮಾಡುತ್ತ ಗೇಣುದ್ದದ ಕಾಗದವನ್ನು ಹೊರಚಾಚುತ್ತದೆ. ಅದನ್ನು ಹರಿದು ನಮ್ಮ ಕೈಗಿಡುವ ಹೊತ್ತಿಗೆ ಆತನ ಕಣ್ಣು ಮುಂದಿನ ಗೇಟಿನ ಮೇಲಿರುತ್ತದೆ. ಇಷ್ಟಕ್ಕೆಲ್ಲ ಹಿಡಿಯುವ ಕಾಲ ಎರಡು ನಿಮಿಷವನ್ನು ಮೀರದು.

ಈ ಎರಡು ನಿಮಿಷಗಳಲ್ಲಿ ನಡೆದುದೇನು ಎಂಬುದನ್ನು ಕೊಂಚ ಸಾವಧಾನವಾಗಿ ನೋಡುವುದು ಲೇಸು. ಕಚೇರಿಯ ಹೊರಗೆ, ಬಿಸಿಲಿನಲ್ಲಿ, ಕಂಬದ ಬುಡದಲ್ಲಿ, ಕಾರ್ಖಾನೆಯ ಅಂಗಳದಲ್ಲಿ ದುಡಿಯುವವರ ಕೈಗೆ ಗಣಕಯಂತ್ರವು ಬಂದು ಸೇರಿದ ಕಥೆಯ ಬಹುಭಾಗ ಇದರಲ್ಲಿಯೇ ಅಡಕವಾಗಿದೆ. ಆತ ಹೊರಡುವ ಮೊದಲೇ ಉಪವಿಭಾಗದ ಕಚೇರಿಯಿಂದ ಆ ಯಂತ್ರದೊಳಕ್ಕೆ ಆತ ನಡೆಯಬೇಕಾದ ಮಾರ್ಗದ ‘ಸ್ಥಾವರ’ಗಳೆಲ್ಲ ಇಳಿದಿರುತ್ತವೆ: ಒಂದೊಂದರ ಆರ್.ಆರ್. ನಂಬರು, ಹಿಂದಿನ ತಿಂಗಳ ಅಂಕಿ, ಮಂಜೂರಾದ ಹೊರೆ, ದರದ ವರ್ಗ, ಉಳಿದಿರುವ ಬಾಕಿ. ಆತ ಈ ತಿಂಗಳ ಅಂಕಿಯನ್ನು ಒತ್ತಿದೊಡನೆ ಯಂತ್ರವು ಹಿಂದಿನದನ್ನು ಅದರಿಂದ ಕಳೆಯುತ್ತದೆ. ಬಂದ ವ್ಯತ್ಯಾಸವು ಆ ಮನೆಯ ವಾಡಿಕೆಯ ಬಳಕೆಗಿಂತ ತೀರ ಹೆಚ್ಚಾಗಿಯೋ ತೀರ ಕಡಿಮೆಯಾಗಿಯೋ ಕಂಡರೆ, ಅನುಮಾನಪಡುವ ಹಿರಿಯ ಗುಮಾಸ್ತನಂತೆ, ಇನ್ನೊಮ್ಮೆ ನೋಡಿ ಒತ್ತೆಂದು ಕೇಳುತ್ತದೆ. ಒಪ್ಪಿಗೆಯಾದ ಬಳಿಕ ದರವನ್ನು ಗುಣಿಸಿ, ತೆರಿಗೆಯನ್ನು ಕೂಡಿಸಿ, ಬಾಕಿಯನ್ನು ಸೇರಿಸಿ, ಬಿಲ್ಲನ್ನು ಮುದ್ರಿಸಿ, ಅದರ ಪ್ರತಿಯೊಂದನ್ನು ತನ್ನ ನೆನಪಿನಲ್ಲಿ ಭದ್ರವಾಗಿಟ್ಟುಕೊಳ್ಳುತ್ತದೆ. ಒಂದು ಕಾಲಕ್ಕೆ ಮೂರು ಮೇಜುಗಳ ಮೇಲೆ ಮೂವರು ಕುಳಿತು ಮಾಡುತ್ತಿದ್ದ ಕೆಲಸವು ಹೀಗೆ ನಮ್ಮ ಮನೆಯ ಮೆಟ್ಟಿಲ ಕೆಳಗೆ ಮುಗಿಯುತ್ತದೆ.

ಆ ಮೂರು ಮೇಜುಗಳ ಕಾಲವನ್ನು ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಶಿವನಸಮುದ್ರದಿಂದ ಕೋಲಾರದ ಗಣಿಗಳಿಗೆ 1902ರಲ್ಲಿಯೂ ಬೆಂಗಳೂರಿನ ಬೀದಿಗಳಿಗೆ 1905ರಲ್ಲಿಯೂ ವಿದ್ಯುತ್ತು ಹರಿದ ಈ ನಾಡಿನಲ್ಲಿ ಶತಮಾನದ ಬಹುಪಾಲು ಅದರ ಲೆಕ್ಕ ನಡೆದುದು ಪೆನ್ಸಿಲಿನಿಂದ. ನನ್ನ ಬಾಲ್ಯದ ಮನೆಯಲ್ಲಿ ಮೀಟರಿನ ಪಕ್ಕದಲ್ಲಿ ದಾರದಿಂದ ನೇತುಬಿದ್ದ ಒಂದು ರಟ್ಟಿನ ಕಾರ್ಡಿತ್ತು. ಅದರ ಮೇಲೆ ಬರೆದ ಅಂಕಿಯನ್ನೇ ಓದುಗನು ತನ್ನ ಪುಸ್ತಕಕ್ಕೂ ಬರೆದುಕೊಳ್ಳುವನು. ಪುಸ್ತಕದಿಂದ ಗುಮಾಸ್ತನು ಲೆಡ್ಜರಿಗೆ ಇಳಿಸುವನು. ಲೆಡ್ಜರಿನಿಂದ ಬಿಲ್ಲು ತಯಾರಾಗಿ, ಇನ್ನೊಬ್ಬನ ಕೈಯಿಂದ, ಇನ್ನೊಂದು ದಿನ ಮನೆಗೆ ಬರುವುದು. ಒಂದೇ ಸಂಖ್ಯೆಯನ್ನು ಮೂರು ಕೈಗಳು ಮೂರು ಸಲ ಬರೆಯುವಾಗ ಒಂದು ಏಳಾಗುವುದೂ ಮೂರು ಎಂಟಾಗುವುದೂ ಅಪರೂಪವಲ್ಲ. ಆ ಬಳಿಕ ಆ ಎಂಟನ್ನು ಮರಳಿ ಮೂರಾಗಿಸಲು ಗೃಹಸ್ಥನು ಎಷ್ಟು ಸಾರಿ ಕಚೇರಿಯ ಮೆಟ್ಟಿಲು ಹತ್ತಬೇಕಾಗುತ್ತಿತ್ತು ಎಂಬುದನ್ನು ಅನುಭವಿಸಿದವರಿಗೆ ಹೇಳಬೇಕಾದ್ದಿಲ್ಲ, ಅನುಭವಿಸದವರಿಗೆ ಹೇಳಿ ಪ್ರಯೋಜನವಿಲ್ಲ.

ಇಷ್ಟರಿಂದಲೇ ಒಂದು ವಿಷಯ ಸ್ಪಷ್ಟವಾದೀತು. ಕೈಗಣಕದ ಮೊದಲನೆಯ ಗುಣವು ಅದರ ಬುದ್ಧಿಯಲ್ಲ. ಘಟನೆಗೂ ದಾಖಲೆಗೂ ನಡುವೆ ಇದ್ದ ಅಂತರವನ್ನು ಅದು ಅಳಿಸಿದುದೇ ಅದರ ಗುಣ. ಯಾವ ಸ್ಥಳದಲ್ಲಿ ಸಂಗತಿಯು ಸಂಭವಿಸಿತೋ ಆ ಸ್ಥಳದಲ್ಲಿಯೇ, ಯಾವನು ಅದನ್ನು ಕಂಡನೋ ಅವನ ಕೈಯಿಂದಲೇ, ಒಂದೇ ಸಲ ಅದು ದಾಖಲಾಗತಕ್ಕದ್ದು ಎಂಬ ತತ್ತ್ವವು ಇಂದು ನಮಗೆ ಸಹಜವಾಗಿ ತೋರಿದರೂ, ಅದಕ್ಕೆ ತಕ್ಕ ಉಪಕರಣವು ಒದಗಿದುದು ಕಳೆದ ಶತಮಾನದ ಎಂಟನೆಯ ಮತ್ತು ಒಂಬತ್ತನೆಯ ದಶಕಗಳ ಸಂಧಿಯಿಂದ ಈಚೆಗೆ. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತಯಾರಾದ ‘ಹಸ್ಕಿ’ ಎಂಬ ಗಣಕವು, ಲೋಹದ ಕವಚ ತೊಟ್ಟು, ಮಳೆಯಲ್ಲಿ ನೆನೆದರೂ ಕೆಡದೆ, ಸೈನ್ಯದವರಿಗೂ ಮೋಜಣಿಯವರಿಗೂ ಪ್ರಿಯವಾಯಿತು. 1984ರಲ್ಲಿ ಡೇವಿಡ್ ಪಾಟರ್ ಎಂಬವರ ಸಯಾನ್ ಕಂಪೆನಿಯು ‘ಆರ್ಗನೈಸರ್’ ಎಂಬ ಜೇಬುಗಣಕವನ್ನು ಹೊರತಂದಿತು. ಅದರ ಪರದೆಯಲ್ಲಿ ಕಾಣುತ್ತಿದ್ದುದು ಒಂದೇ ಸಾಲು, ಆ ಸಾಲಿನಲ್ಲಿ ಹದಿನಾರು ಅಕ್ಷರ. ಅದರ ನೆನಪಿನ ಪೆಟ್ಟಿಗೆಯಾದರೋ ವಿಲಕ್ಷಣವಾದುದು: ಒಮ್ಮೆ ಬರೆದುದು ಬ್ಯಾಟರಿ ತೀರಿದರೂ ಅಳಿಯದು, ಅಳಿಸಬೇಕೆಂದರೆ ಪೆಟ್ಟಿಗೆಯನ್ನು ಹೊರತೆಗೆದು ನೇರಳಾತೀತ ದೀಪದ ಕೆಳಗೆ ಇಡಬೇಕು. ಮೇಜಿನ ಮೇಲೆ ಬಳಸುವವನಿಗೆ ಇದು ಪೀಡೆಯಾಗಿ ತೋರೀತು. ಊರಾಚೆ ಒಂಟಿಯಾಗಿ ದುಡಿಯುವವನಿಗೆ ಅಳಿಯದ ನೆನಪೇ ವರವಾಗಿತ್ತು.

ಕೈಗಣಕವನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಅಪ್ಪಿಕೊಂಡವರಲ್ಲಿ, ನಗೆಯುಕ್ಕಿಸುವ ಮಾತೆಂದರೆ, ಆಲೂಗೆಡ್ಡೆಯ ಚಿಪ್ಸು ಮಾರುವ ಅಮೆರಿಕದ ಫ್ರಿಟೋ-ಲೇ ಕಂಪೆನಿಯೂ ಒಂದು. ಅಂಗಡಿಯಿಂದ ಅಂಗಡಿಗೆ ಲಾರಿ ಓಡಿಸಿಕೊಂಡು ಹೋಗುವ ಸುಮಾರು 10,000 ಮಂದಿ ಮಾರಾಟಗಾರರಿಗೆ ಅದು 1980ರ ದಶಕದ ಉತ್ತರಾರ್ಧದಲ್ಲಿ ಕೈಗಣಕಗಳನ್ನು ಹಂಚಿತು. ಚಿಪ್ಸು ಬೇಗ ಹಳಸುವ ವಸ್ತು. ಯಾವ ಅಂಗಡಿಯಲ್ಲಿ ಯಾವುದು ಮಾರಿತು, ಯಾವುದು ಉಳಿಯಿತು ಎಂಬ ಸುದ್ದಿಯೂ ಅಷ್ಟೇ ಬೇಗ ಹಳಸುವಂಥದು ಎಂಬುದನ್ನು ಆ ವರ್ತಕರು ಅರಿತಿದ್ದರು. ಫೆಡರಲ್ ಎಕ್ಸ್‌ಪ್ರೆಸ್ ಎಂಬ ಪಾರ್ಸೆಲ್ ಸಂಸ್ಥೆಯು 1986ರಲ್ಲಿ ‘ಸೂಪರ್‌ಟ್ರ್ಯಾಕರ್’ ಎಂಬ ಯಂತ್ರವನ್ನು ತನ್ನ ಜನರ ಕೈಗಿತ್ತಿತು: ಕಟ್ಟಿನ ಮೇಲಿನ ಪಟ್ಟೆಗೆರೆಗಳನ್ನು ಅದರಿಂದ ಓದಿಸಿ, ವ್ಯಾನಿಗೆ ಮರಳಿ ಅಲ್ಲಿಯ ರೇಡಿಯೋ ಪೆಟ್ಟಿಗೆಗೆ ಅದನ್ನು ಸಿಕ್ಕಿಸಿದರೆ ಸುದ್ದಿ ಕೇಂದ್ರಕ್ಕೆ ತಲಪುವುದು. ಅದರ ಪ್ರತಿಸ್ಪರ್ಧಿಯಾದ ಯುಪಿಎಸ್ ಸಂಸ್ಥೆಯು 1990ರ ದಶಕದ ಆರಂಭದಲ್ಲಿ ಗಾಜಿನ ಮೇಲೆಯೇ ಸಹಿ ಹಾಕಿಸಿಕೊಳ್ಳುವ ಫಲಕವನ್ನು ತಂದಿತು. ಇವುಗಳ ವಿವರ ಇಲ್ಲಿ ಅನಾವಶ್ಯಕ. ಸರಕು ಹೋದ ದಾರಿಯ ಸುದ್ದಿಗೂ ಸರಕಿನಷ್ಟೇ ಬೆಲೆಯುಂಟೆಂಬುದು ವ್ಯಾಪಾರಿಗಳಿಗೆ ಆ ಕಾಲದಲ್ಲಿ ಮನದಟ್ಟಾಯಿತೆಂದರೆ ಸಾಕು.

ಯಂತ್ರದ ಮೈಕಟ್ಟಿನ ವಿಚಾರ ಇದಕ್ಕಿಂತ ರುಚಿಕರ. ನಮ್ಮ ನಿಮ್ಮ ಜೇಬಿನ ದೂರವಾಣಿಯೂ ಗಣಕವೇ ಆಗಿರುವಾಗ ಉದ್ಯಮಗಳು ಅದಕ್ಕಿಂತ ತೂಕವಾದ, ಅಂದಗೇಡಿಯಾದ, ಹಲವು ಪಟ್ಟು ಬೆಲೆಯ ಉಪಕರಣವನ್ನು ಏಕೆ ಕೊಳ್ಳುತ್ತವೆ ಎಂಬ ಪ್ರಶ್ನೆ ಸಹಜವಾದುದು. ಉತ್ತರವು ಆ ಕೆಲಸದ ಸ್ವಭಾವದಲ್ಲಿದೆ. ಏಣಿಯ ಮೇಲಿರುವವನ ಕೈಯಿಂದ ಯಂತ್ರವು ಬೀಳುವುದು ಆಕಸ್ಮಿಕವಲ್ಲ, ನಿಶ್ಚಿತ. ಆದುದರಿಂದ ಅದನ್ನು ಕಾಂಕ್ರೀಟಿನ ನೆಲಕ್ಕೆ ಮತ್ತೆ ಮತ್ತೆ, ಮೂಲೆ ಮೂಲೆಯಾಗಿ ಬೀಳಿಸಿಯೇ ಪರೀಕ್ಷಿಸುವರು. ಅದರ ಬೆನ್ನಿನ ಮೇಲೆ ಐಪಿ 65, ಐಪಿ 67 ಎಂಬಂತಹ ಅಂಕಿಗಳನ್ನು ಕಾಣಬಹುದು. ಮೊದಲನೆಯ ಆರು, ಧೂಳಿನ ಕಣವೂ ಒಳಹೊಗದು ಎಂಬುದರ ಸಂಕೇತ; ಎರಡನೆಯದು ನೀರಿನದು: ಐದಾದರೆ ಕೊಳವೆಯಿಂದ ನೀರು ಚಿಮ್ಮಿಸಿದರೂ ಬಾಧೆಯಿಲ್ಲ, ಏಳಾದರೆ ಒಂದು ಮೀಟರು ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ಬದುಕಿ ಬರುವುದು. ನೆತ್ತಿಯ ಬಿಸಿಲಿನಲ್ಲಿಯೂ ಓದಬಲ್ಲ ಪರದೆ, ಕೈಗವಸು ತೊಟ್ಟ ಬೆರಳಿಗೂ ದಕ್ಕುವ ಗುಂಡಿ, ಒಂದು ಪಾಳಿಯುದ್ದಕ್ಕೂ ಬಾಳುವ ಬ್ಯಾಟರಿ, ಇವೆಲ್ಲ ಶೋಭೆಗಾಗಿ ಇರುವಂಥವಲ್ಲ. ನುಣುಪಾದ ಗಾಜಿನ ಮೇಲೆ ಬೆರಳಾಡಿಸುವ ಸುಖವನ್ನು ಕಂಡವರು ಈ ಗುಂಡಿಗಳನ್ನು ಕಂಡು ನಗಬಹುದು. ಜೂನ್ ತಿಂಗಳಿನಲ್ಲಿ ಆಗುಂಬೆಯ ಕಡೆಯ ಒಂದು ಟ್ರಾನ್ಸ್‌ಫಾರ್ಮರಿನ ಕೆಳಗೆ, ತೊಯ್ದ ಬೆರಳುಗಳಿಂದ ನಾಲ್ಕು ಅಂಕಿಗಳನ್ನು ಒತ್ತಿ ನೋಡಿದ ಮೇಲೆ ಆ ನಗು ನಿಂತೀತು.

ಎಣ್ಣೆಯ ಶುದ್ಧೀಕರಣಾಗಾರ, ಅನಿಲದ ಘಟಕ, ಕಲ್ಲಿದ್ದಲಿನ ಗಣಿ ಇವುಗಳಲ್ಲಿ ಬಳಸುವ ಕೈಗಣಕಗಳಿಗಂತೂ ಇನ್ನೊಂದು ಕಟ್ಟಳೆಯುಂಟು. ಅಲ್ಲಿಯ ಗಾಳಿಯೇ ಇಂಧನವಾಗಿರಬಹುದು. ಮೀಥೇನು ಬೆರೆತ ಗಾಳಿಗೆ ಬೆಂಕಿ ತಗುಲಲು ಒಂದು ಮಿಲಿಜೌಲಿನ ಮೂರನೆಯ ಒಂದು ಭಾಗದಷ್ಟೂ ಬೇಕಾಗದು. ಜಲಜನಕಕ್ಕಾದರೆ ಅದರ ಹದಿನೈದನೆಯ ಒಂದು ಪಾಲಿನ ಆಸುಪಾಸು ಸಾಕು. ಸ್ವಿಚ್ಚನ್ನು ಒತ್ತಿದಾಗ ಕಣ್ಣಿಗೆ ಕಾಣದಂತೆ ಹಾರುವ ಕಿಡಿಯಲ್ಲಿಯೂ ಇಷ್ಟು ಶಕ್ತಿ ಇದ್ದೀತು. 1913ರ ಅಕ್ಟೋಬರ್ 14ರಂದು ವೇಲ್ಸ್ ದೇಶದ ಸೆಂಗೆನಿದ್ ಗಣಿಯಲ್ಲಿ 439 ಮಂದಿ ಗಣಿಗಾರರನ್ನು ಬಲಿಗೊಂಡ ಸ್ಫೋಟಕ್ಕೆ, ಸಂಜ್ಞೆಗಾಗಿ ಬಾರಿಸುತ್ತಿದ್ದ ವಿದ್ಯುತ್ ಗಂಟೆಯ ತಂತಿಯ ಕಿಡಿಯೇ ಕಾರಣವಾಗಿರಬಹುದೆಂಬ ಶಂಕೆ ಬಲವಾಗಿ ಹುಟ್ಟಿತು. ಆ ಗಂಟೆಗಳ ಮೇಲೆ ಬ್ರಿಟಿಷ್ ವಿಜ್ಞಾನಿಗಳು ನಡೆಸಿದ ಸಂಶೋಧನೆಯಿಂದಲೇ, ಕೆಟ್ಟರೂ ಕೂಡ ಬೆಂಕಿ ಹೊತ್ತಿಸುವಷ್ಟು ಶಕ್ತಿಯನ್ನು ಹೊರಬಿಡಲಾರದ ಮಂಡಲವನ್ನು ರಚಿಸಬೇಕೆಂಬ ವಿಚಾರವು ರೂಪುಗೊಂಡಿತು. ಇಂದು ಶುದ್ಧೀಕರಣಾಗಾರದ ತಪಾಸಣೆಗಾರನ ಕೈಯಲ್ಲಿರುವ ಗಣಕವು ಅದೇ ವಿಚಾರದ ಸಂತತಿ. ಅದರ ಬ್ಯಾಟರಿಯನ್ನು ಅಪಾಯದ ವಲಯದೊಳಗೆ ತೆಗೆಯಲಾಗದು, ಹಾಕಲಾಗದು. ಚಾರ್ಜು ಮುಗಿದರೆ ನಡೆದು ಹೊರಗೆ ಬರಬೇಕು. ನೂರು ವರ್ಷಗಳ ಹಿಂದಿನ ಸಾವುಗಳು ಈ ಸಣ್ಣ ತೊಡಕಿನ ಬೆನ್ನಿಗಿವೆಯೆಂದು ತಿಳಿದವನು ಗೊಣಗದೆ ನಡೆದಾನು.

ಮನೆಯ ಮೀಟರಿನಿಂದ ಕಾರ್ಖಾನೆಯ ಮೀಟರಿಗೆ ಬಂದರೆ ಕೈಗಣಕದ ಕೆಲಸ ಬೇರೆಯೇ ಆಗುವುದು. ಅಲ್ಲಿ ಕಣ್ಣಿನಿಂದ ಓದಿ ಮುಗಿಯುವ ಮಾತಲ್ಲ. ಉಚ್ಚ ಒತ್ತಡದ ಸ್ಥಾವರದ ಮೀಟರು ಅರ್ಧ ಗಂಟೆಗೊಮ್ಮೆಯೋ ಕಾಲು ಗಂಟೆಗೊಮ್ಮೆಯೋ ಬಳಕೆಯನ್ನು ಬರೆದಿಟ್ಟುಕೊಳ್ಳುತ್ತದೆ. ಅರ್ಧ ಗಂಟೆಯ ಲೆಕ್ಕದಲ್ಲಿಯೂ ದಿನಕ್ಕೆ 48 ದಾಖಲೆ, ತಿಂಗಳಿಗೆ ಸಾವಿರದ ನಾನೂರಕ್ಕೂ ಮಿಗಿಲು. ಇದರ ಜೊತೆಗೆ ಯಾವ ದಿನ ಎಷ್ಟು ಗಂಟೆಗೆ ಒಂದು ಫೇಸು ಸತ್ತಿತ್ತು, ಯಾವಾಗ ಅಯಸ್ಕಾಂತವೊಂದು ಮೀಟರಿನ ಹತ್ತಿರ ಸುಳಿಯಿತು, ಯಾವ ನಡುರಾತ್ರಿ ಮುಚ್ಚಳ ತೆರೆಯಿತು ಎಂಬ ಚಾಡಿಗಳನ್ನೂ ಅದು ತಾರೀಖು ಸಮೇತ ಹೇಳುತ್ತದೆ. ಇವನ್ನೆಲ್ಲ ಎತ್ತಿಕೊಂಡು ಬರಲು ಇಲಾಖೆಯವರು ‘ಸಿಎಂಆರ್‌ಐ’ ಎಂದು ಕರೆಯುವ ಕೈಗಣಕವಿದೆ. ಅದರ ಹುರಿಯ ತುದಿಯಲ್ಲಿರುವ ಒಂದು ಗುಂಡನೆಯ ಕಣ್ಣನ್ನು ಮೀಟರಿನ ಮುಖಕ್ಕೆ ಒತ್ತಿದರೆ ಅಯಸ್ಕಾಂತದ ಬಲದಿಂದ ಅಲ್ಲಿಯೇ ಕಚ್ಚಿಕೊಳ್ಳುತ್ತದೆ; ಬಳಿಕ ಅವೆರಡೂ ಕಣ್ಣಿಗೆ ಕಾಣದ ಅತಿಕೆಂಪು ಬೆಳಕಿನ ಮಿನುಗುಗಳಿಂದ ಸಂಭಾಷಣೆ ನಡೆಸುತ್ತವೆ. ಈ ಸಂಭಾಷಣೆಯ ಶಿಷ್ಟಾಚಾರವೂ ಸೊಗಸಾದುದು: ಅಂತರರಾಷ್ಟ್ರೀಯ ಮಾನಕವೊಂದರ ಪ್ರಕಾರ, ಪರಸ್ಪರ ಪರಿಚಯವಾಗುವವರೆಗೆ ಸೆಕೆಂಡಿಗೆ 300 ಮಿನುಗುಗಳ ಮಂದಗತಿಯಲ್ಲಿಯೇ ಮಾತನಾಡಿ, ‘ನೀನು ಯಾರು, ನಾನು ಇಂಥವನು’ ಎಂಬುದಾದ ಮೇಲೆ ಹಲವು ಪಟ್ಟು ವೇಗಕ್ಕೆ ಏರುತ್ತವೆ. ಹಿರಿಯರ ಮುಂದೆ ಕಿರಿಯರು ಹೀಗೆಯೇ ಮಾತು ತೊಡಗಬೇಕೆಂದು ನಮಗೆ ಕಲಿಸುತ್ತಿದ್ದರು.

ಆದರೆ ಮೀಟರು ಮಾಡುವ ಕಂಪೆನಿಗಳು ಹಲವು; ಒಂದೊಂದರದೂ ಒಂದೊಂದು ಭಾಷೆ. ಎಲ್ಲರ ಭಾಷೆಯನ್ನೂ ಬಲ್ಲ ಸಾಮಾನ್ಯ ಉಪಕರಣವೆಂದು ಸಿಎಂಆರ್‌ಐ ಹೆಸರಿಟ್ಟುಕೊಂಡಿದ್ದರೂ, ಒಂದೊಂದು ಕಂಪೆನಿಗಾಗಿ ಒಂದೊಂದು ದುಭಾಷಿಯನ್ನು ಅದರ ಹೊಟ್ಟೆಯಲ್ಲಿ ತುಂಬಿಕೊಂಡು ತಿರುಗಬೇಕಾಗಿತ್ತು. ಹೊಸ ಮಾದರಿಯ ಮೀಟರು ಎದುರಾದರೆ, ಹತ್ತಾರು ಮೈಲಿ ಬಂದ ಅಧಿಕಾರಿಯು ಮೂಕನಾಗಿ ಹಿಂದಿರುಗುವನು. 2011ರಲ್ಲಿ ಪ್ರಕಟವಾದ 15959ನೆಯ ಭಾರತೀಯ ಮಾನಕವು ಮೀಟರುಗಳಿಗೆಲ್ಲ ಒಂದೇ ನುಡಿಯನ್ನು ವಿಧಿಸಿದ ಮೇಲೆ ಈ ಬಾಬೆಲ್ ಗೋಪುರದ ಗದ್ದಲವು ತಗ್ಗತೊಡಗಿತು.

ಊರಿನಲ್ಲಿ ಕುಳಿತವರಿಗೆ ಹೊಳೆಯದ ಇನ್ನೊಂದು ಕಷ್ಟವೆಂದರೆ ಸಂಪರ್ಕದ್ದು. ಮಲೆನಾಡಿನ ಒಂಟಿಮನೆಗಳಿಗೆ, ಗಣಿಯ ಸುರಂಗಕ್ಕೆ, ಕಟ್ಟಡದ ನೆಲಮಾಳಿಗೆಗೆ ದೂರವಾಣಿಯ ಅಲೆ ತಲಪದು. ಆದುದರಿಂದ ಇಂತಹ ಗಣಕದ ಒಳಗಣ ವ್ಯವಸ್ಥೆಯು ಸಂಪರ್ಕವಿದೆ ಎಂದಲ್ಲ, ಇಲ್ಲ ಎಂಬ ನಂಬಿಕೆಯ ಮೇಲೆಯೇ ರಚಿತವಾಗಿರಬೇಕು: ಬೇಕಾದುದನ್ನೆಲ್ಲ ಹೊರಡುವ ಮೊದಲೇ ಬುತ್ತಿಯಂತೆ ಕಟ್ಟಿಕೊಂಡು, ದಿನದ ದುಡಿಮೆಯನ್ನೆಲ್ಲ ತನ್ನಲ್ಲಿಯೇ ಕೂಡಿಟ್ಟುಕೊಂಡು, ಸಂಪರ್ಕ ಸಿಕ್ಕಾಗ ಒಪ್ಪಿಸಿಬಿಡುವುದು. ಕೇಳಲು ಸುಲಭ. ಆದರೆ ಬೆಳಗ್ಗೆ ಯಂತ್ರವು ಹೊರಟ ಮೇಲೆ ಕಚೇರಿಯಲ್ಲಿ ಒಬ್ಬನು ಬಾಕಿ ಕಟ್ಟಿದನೆನ್ನಿ. ಮಧ್ಯಾಹ್ನ ಆತನ ಮನೆಯ ಮುಂದೆ ಮುದ್ರಿತವಾಗುವ ಬಿಲ್ಲಿನಲ್ಲಿ ಆ ಬಾಕಿ ಹಾಗೆಯೇ ಇರುವುದು. ಆತನು ರಸೀತಿಯನ್ನು ತೋರಿಸಿ ಸಿಟ್ಟಾಗುವನು. ಎರಡು ಸತ್ಯಗಳು ಎದುರೆದುರು ನಿಂತಾಗ ಯಾವುದು ಗೆಲ್ಲತಕ್ಕದ್ದು ಎಂಬುದನ್ನು ಮೊದಲೇ ನಿರ್ಧರಿಸಿಡುವುದು ಈ ವಿದ್ಯೆಯಲ್ಲಿ ಅತ್ಯಂತ ಕಠಿನವಾದ ಭಾಗವೆಂದು ಬಲ್ಲವರು ಹೇಳುತ್ತಾರೆ. ಆ ಸಿಟ್ಟನ್ನು ಎದುರಿಸುವವನಂತೂ ವ್ಯವಸ್ಥೆಯನ್ನು ರಚಿಸಿದವನಲ್ಲ, ಗೇಟಿನ ಮುಂದೆ ನಿಂತವನು. ಹಾಗೆಯೇ ಸರಕಾರದ ನಿಯಮವೊಂದು ಬದಲಾದಾಗಲೂ. 2023ರ ಆಗಸ್ಟಿನಿಂದ ‘ಗೃಹಜ್ಯೋತಿ’ಯ ಶೂನ್ಯ ಬಿಲ್ಲುಗಳು ಬರತೊಡಗಿದವು, 2022-23ರ ಸಾಲಿನ ಸರಾಸರಿ ಬಳಕೆಯ ಮೇಲೆ ನೂರಕ್ಕೆ ಹತ್ತನ್ನು ಸೇರಿಸಿ, 200 ಯೂನಿಟ್ಟನ್ನು ಮೀರದಂತೆ, ಮನೆಮನೆಗೂ ಬೇರೆ ಬೇರೆಯಾದ ಮಿತಿ. ವಿಧಾನಸೌಧದಲ್ಲಿ ಒಂದು ವಾಕ್ಯವಾಗಿ ಹುಟ್ಟಿದುದು ನಾಡಿನ ಬೀದಿಬೀದಿಯ ಕೈಯಂತ್ರಗಳಲ್ಲಿ ಗುಣಾಕಾರ ಭಾಗಾಕಾರಗಳಾಗಿ ಇಳಿಯದೆ ಜನರಿಗೆ ಮುಟ್ಟುವಂತಿರಲಿಲ್ಲ.

ಬಿಲ್ಲಿನ ಕಾಗದದ ಬಗೆಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಅದರಲ್ಲಿ ಮಸಿಯಿಲ್ಲ, ಶಾಖ ತಾಗಿದಲ್ಲಿ ಕಪ್ಪಾಗುವ ಲೇಪನವಿದೆ, ಅಷ್ಟೆ. ಆದುದರಿಂದ ಅಕ್ಷರಗಳು ಬಿಸಿಲಿಗೆ, ಕಾಲಕ್ಕೆ, ಕೆಲವೊಮ್ಮೆ ಜೇಬಿನ ಬೆವರಿಗೂ ಮಾಸಿಹೋಗುತ್ತವೆ. ನಮ್ಮ ಅಜ್ಜನವರ ಕಾಲದ ಕಂದಾಯದ ರಸೀತಿಗಳನ್ನು ಇಂದಿಗೂ ಓದಬಹುದು. ಕಳೆದ ವರ್ಷದ ವಿದ್ಯುತ್ ಬಿಲ್ಲು ನನ್ನ ಕಡತದಲ್ಲಿ ನಿರ್ಮಲವಾದ ಬಿಳಿಯ ಕಾಗದವಾಗಿ ಕುಳಿತಿದೆ.

ಇನ್ನು ಮುಖ್ಯವಾದ ಮಾತಿಗೆ ಬರೋಣ. ಓದುಗನ ಯಂತ್ರದಲ್ಲಿ ಅಂಕಿಯ ಜೊತೆಗೆ ಸ್ಥಿತಿಯನ್ನು ಸೂಚಿಸುವ ಒಂದು ಪಟ್ಟಿ ಇರುತ್ತದೆ: ಬಾಗಿಲು ಬೀಗ, ಮೀಟರ್ ಓಡುತ್ತಿಲ್ಲ, ಮೀಟರ್ ಸುಟ್ಟಿದೆ, ಇತ್ಯಾದಿ. ಪಟ್ಟಿಯಲ್ಲಿ ಇದ್ದುದನ್ನು ಆರಿಸಬಹುದು. ಇಲ್ಲದುದನ್ನು ಹೇಳಲು ಸ್ಥಳವಿಲ್ಲ. ಬಾಗಿಲು ತೆರೆದೇ ಇದೆ, ಆದರೆ ಮೀಟರಿನ ಗೂಡಿನಲ್ಲಿ ಹೆಜ್ಜೇನು ಕಟ್ಟಿದೆ ಎಂದರೆ ಓದುಗನು ಏನನ್ನು ಒತ್ತಬೇಕು? ಆತ ‘ಬಾಗಿಲು ಬೀಗ’ ಎಂದು ಒತ್ತಿ ಮುಂದೆ ನಡೆಯುವನು. ಕಚೇರಿಯ ಲೆಕ್ಕದಲ್ಲಿ ಆ ಮನೆಗೆ ಬೀಗ ಬಿದ್ದಿದೆ. ಒಳಗೆ ಮನೆಯವರು ಕಾಫಿ ಕುಡಿಯುತ್ತಿದ್ದಾರೆ. ಯಂತ್ರವು ಸುಳ್ಳು ಹೇಳಲಿಲ್ಲ, ಮನುಷ್ಯನೂ ಸುಳ್ಳು ಹೇಳಬೇಕೆಂದು ಹೇಳಲಿಲ್ಲ. ಪಟ್ಟಿಯನ್ನು ರಚಿಸಿದವನು ಹೆಜ್ಜೇನನ್ನು ಕಂಡಿರಲಿಲ್ಲ. ಕೈಗಣಕವನ್ನು ಕುರಿತು ನನಗೆ ಹೇಳಬೇಕೆನಿಸಿರುವುದು ಇದೊಂದೇ: ಅದು ಹೆಗಲಿಗೇರಿದ ಕಚೇರಿ. ಕಚೇರಿಯು ಕೇಳುವ ಪ್ರಶ್ನೆಗಳನ್ನು ಅದು ಬಯಲಿಗೆ ಒಯ್ಯುತ್ತದೆ. ಬಯಲು ಕೇಳುವ ಪ್ರಶ್ನೆಗಳನ್ನು ಕಚೇರಿಗೆ ತರುತ್ತದೆಯೋ ಇಲ್ಲವೋ ಎಂಬುದು ಅದನ್ನು ರಚಿಸಿದವರ ವಿವೇಕಕ್ಕೆ ಸೇರಿದುದು.

ಈ ವಿವೇಕದ ಪಾಠವನ್ನು ಅತಿ ಚೆನ್ನಾಗಿ ಕಲಿತದ್ದು, ಕಲಿಯುವ ಮುನ್ನ ಚೆನ್ನಾಗಿಯೇ ಎಡವಿದ್ದು, ಅಮೆರಿಕದ ಜೆರಾಕ್ಸ್ ಸಂಸ್ಥೆ. ಅದರ ನಕಲುಯಂತ್ರಗಳನ್ನು ಊರೂರಿಗೆ ಹೋಗಿ ರಿಪೇರಿ ಮಾಡುವ ತಂತ್ರಜ್ಞರಿಗಾಗಿ ಸಂಸ್ಥೆಯು ದಪ್ಪನೆಯ ಕೈಪಿಡಿಗಳನ್ನು ಬರೆಯಿಸಿತ್ತು: ಯಂತ್ರವು ಇಂತಹ ದೋಷಸಂಖ್ಯೆಯನ್ನು ತೋರಿಸಿದರೆ ಇಂತಹ ಪುಟಕ್ಕೆ ಹೋಗು, ಅಲ್ಲಿ ಕೇಳಿದ ಪ್ರಶ್ನೆಗೆ ಹೌದೆಂದರೆ ಈ ಭಾಗವನ್ನು ಬದಲಿಸು, ಇಲ್ಲವೆಂದರೆ ಮುಂದಿನ ಪುಟ. ತಂತ್ರಜ್ಞನು ಯೋಚಿಸಬೇಕಾದ ಅಗತ್ಯವೇ ಇಲ್ಲದಂತೆ ಎಲ್ಲವನ್ನೂ ಯೋಚಿಸಿ ಮುಗಿಸಿದ್ದೇವೆಂಬ ತೃಪ್ತಿ ಕಚೇರಿಯವರಿಗೆ ಇತ್ತು. ಆಗ ಪಾಲೋ ಆಲ್ಟೋದಲ್ಲಿದ್ದ ಆ ಸಂಸ್ಥೆಯ ಸಂಶೋಧನಾಲಯದ ಜೂಲಿಯನ್ ಆರ್ ಎಂಬ ಮಾನವಶಾಸ್ತ್ರಜ್ಞರು, ಇತರ ಮಾನವಶಾಸ್ತ್ರಜ್ಞರು ದೂರದ ದ್ವೀಪವಾಸಿಗಳ ಜೊತೆಗೆ ಹೇಗೆ ಬದುಕುವರೋ ಹಾಗೆ, ಈ ರಿಪೇರಿಗಾರರ ಜೊತೆಯಲ್ಲಿಯೇ ತಿರುಗಿ, ಅವರ ತಿಂಡಿಯ ಮೇಜುಗಳಲ್ಲಿ ಕುಳಿತು, ಅವರ ಮಾತುಗಳನ್ನು ಕೇಳಿ ಬರೆದುಕೊಂಡರು. ಆ ಅಧ್ಯಯನವು 1996ರಲ್ಲಿ ಪುಸ್ತಕವಾಗಿ ಹೊರಬಂದಿತು.

ಅವರು ಕಂಡುದು ಇದು. ಕೈಪಿಡಿಯು ಊಹಿಸಿದ ದೋಷಗಳು ಕೈಪಿಡಿಯಿಂದ ಸರಿಹೋಗುತ್ತಿದ್ದವು. ಆದರೆ ಒಂದೊಂದು ಯಂತ್ರವೂ ತಾನಿರುವ ಕೋಣೆಯ ಧೂಳು, ತೇವ, ಬಳಸುವವರ ಅಭ್ಯಾಸ ಇವುಗಳಿಂದ ತನ್ನದೇ ಆದ ಸ್ವಭಾವವನ್ನು ಪಡೆದುಕೊಂಡು ಕೈಪಿಡಿಗೆ ಹೊಳೆಯದ ರೀತಿಯಲ್ಲಿ ಕೆಡುತ್ತಿತ್ತು. ಒಂದು ಪ್ರಸಂಗದಲ್ಲಿ ಯಂತ್ರವು ತಾನು ತೋರಿಸುತ್ತಿದ್ದ ದೋಷಸಂಖ್ಯೆಯಿಂದಲೇ ದಾರಿ ತಪ್ಪಿಸುತ್ತಿತ್ತು. ತಂತ್ರಜ್ಞನು ಅನುಭವಿಯಾದ ಇನ್ನೊಬ್ಬನನ್ನು ಕರೆಸಿದನು. ಇಬ್ಬರೂ ಆ ಹಟಮಾರಿ ಯಂತ್ರದ ಮುಂದೆ ಕುಳಿತು, ‘ಅಲ್ಲೊಮ್ಮೆ ಹೀಗಾಗಿತ್ತು’, ‘ಇನ್ನೊಮ್ಮೆ ಹೀಗೆ ಸದ್ದು ಮಾಡಿತ್ತು’ ಎಂದು ಹಳೆಯ ರಿಪೇರಿಗಳ ಕಥೆಗಳನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ, ಕಥೆಯ ತುಂಡಿಗೆ ತುಂಡನ್ನು ಹೊಂದಿಸುತ್ತ, ನಿಜವಾದ ಕಾರಣವನ್ನು ಕೊನೆಗೂ ಹಿಡಿದರು. ನಮ್ಮ ಊರುಗಳಲ್ಲಿ ಪಂಪ್‌ಸೆಟ್ ಕೆಟ್ಟಾಗ ಬಾವಿಯ ಕಟ್ಟೆಯ ಮೇಲೆ ನಡೆಯುವುದೂ ಇದೇ ಅಲ್ಲವೆ? ಕಚೇರಿಯ ಕಣ್ಣಿಗೆ ಹರಟೆಯಾಗಿ ಕಂಡದ್ದು ವಾಸ್ತವದಲ್ಲಿ ಆ ವೃತ್ತಿಯ ಶಾಸ್ತ್ರಗ್ರಂಥವಾಗಿತ್ತು. ಅದು ಬರೆದಿಟ್ಟದ್ದಲ್ಲ, ಬಾಯಿಂದ ಬಾಯಿಗೆ ಸಾಗಿದ್ದು.

ಇದನ್ನು ಒಪ್ಪಿಕೊಳ್ಳುವಷ್ಟು ದೊಡ್ಡತನ ಆ ಸಂಸ್ಥೆಯ ಕೆಲವರಿಗಾದರೂ ಇದ್ದಿತು. ತಂತ್ರಜ್ಞರು ತಾವು ಕಂಡುಕೊಂಡ ಉಪಾಯಗಳನ್ನು ತಾವೇ ಬರೆದು ಇತರರಿಗೆ ಹಂಚಲು ‘ಯುರೇಕಾ’ ಎಂಬ ವ್ಯವಸ್ಥೆಯು 1990ರ ದಶಕದಲ್ಲಿ ರೂಪುಗೊಂಡಿತು. ಅದರ ಮೊದಲ ಪ್ರಯೋಗ ಫ್ರಾನ್ಸಿನಲ್ಲಿ, ಆ ದೇಶದವರು ಮನೆಮನೆಯಲ್ಲಿ ಬಳಸುತ್ತಿದ್ದ ಮಿನಿಟೆಲ್ ಎಂಬ ದೂರವಾಣಿ ಪರದೆಯ ಮೂಲಕ ನಡೆಯಿತು. ಬಳಿಕ ಅದು ತಂತ್ರಜ್ಞರು ಕೈಯಲ್ಲಿ ಒಯ್ಯುವ ಗಣಕಗಳಿಗೆ ಬಂದಿತು. ಒಬ್ಬನು ಬರೆದ ಉಪಾಯವನ್ನು ಮೇಲಧಿಕಾರಿಗಳಲ್ಲ, ಅನುಭವಿಗಳಾದ ಸಹೋದ್ಯೋಗಿಗಳೇ ಪರೀಕ್ಷಿಸಿ ಒಪ್ಪಬೇಕು. ಒಪ್ಪಿದ ಉಪಾಯದ ಕೆಳಗೆ ಬರೆದವನ ಹೆಸರು ಇರಬೇಕು. ಹಣದ ಬಹುಮಾನದ ಮಾತು ಬಂದಾಗ ತಂತ್ರಜ್ಞರು ಅದಕ್ಕಿಂತ ಹೆಸರನ್ನೇ ಬಯಸಿದರಂತೆ. ವಚನಕಾರರ ಅಂಕಿತಗಳ ನಾಡಿನಲ್ಲಿ ಹುಟ್ಟಿದ ನಮಗೆ ಇದರಲ್ಲಿ ಆಶ್ಚರ್ಯವೇನೂ ತೋರದು.

ಕೈಗಣಕದ ಕಥೆಯಲ್ಲಿ ನಮ್ಮ ಬೆಂಗಳೂರಿನದೂ ಒಂದು ಅಧ್ಯಾಯವುಂಟು. ಸುಖಾಂತವೋ ದುಃಖಾಂತವೋ ಹೇಳುವುದು ಕಷ್ಟ. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿ. ವಿನಯ್, ವಿಜಯ್ ಚಂದ್ರು, ರಮೇಶ್ ಹರಿಹರನ್ ಎಂಬ ನಾಲ್ವರು ಪ್ರಾಧ್ಯಾಪಕರು ಎನ್‌ಕೋರ್ ಕಂಪೆನಿಯವರೊಡನೆ ಕೂಡಿ, ಅಕ್ಷರ ಬಾರದ ಹಳ್ಳಿಗನೂ ಬಳಸಬಲ್ಲ ಅಗ್ಗದ ಕೈಗಣಕವೊಂದನ್ನು ಕಲ್ಪಿಸಿ ‘ಸಿಂಪ್ಯೂಟರ್’ ಎಂದು ಹೆಸರಿಟ್ಟರು. 2001ರಲ್ಲಿ ಮಾದರಿ ಸಿದ್ಧವಾಯಿತು. 2004ರಲ್ಲಿ ನಮ್ಮ ಬಿ.ಇ.ಎಲ್. ಕಾರ್ಖಾನೆಯು ‘ಅಮಿಡಾ’ ಎಂಬ ಹೆಸರಿನಲ್ಲಿ ಅದನ್ನು ತಯಾರಿಸಿತು. ಒಂದು ಯಂತ್ರವನ್ನು ಊರೆಲ್ಲ ಹಂಚಿಕೊಂಡು, ಒಬ್ಬೊಬ್ಬರೂ ತಮ್ಮ ತಮ್ಮ ಚೀಟಿಯನ್ನು ತೂರಿಸಿ ತಮ್ಮ ಕೆಲಸ ಮಾಡಿಕೊಳ್ಳಲಿ ಎಂಬ ವಿಚಾರ, ಪಠ್ಯವನ್ನು ಭಾರತೀಯ ಭಾಷೆಗಳಲ್ಲಿ ಉಚ್ಚರಿಸುವ ಏರ್ಪಾಡು, ಕೈಯಲ್ಲಿ ವಾಲಿಸಿದರೆ ಅದನ್ನು ಗ್ರಹಿಸುವ ಇಂದ್ರಿಯ, ಇವೆಲ್ಲ ಅದರಲ್ಲಿದ್ದವು. ಕೊಳ್ಳುವವರು ಮಾತ್ರ ಇರಲಿಲ್ಲ. ಮಾರಾಟವಾದುದು ಕೆಲವೇ ಸಾವಿರ. ಅಷ್ಟರಲ್ಲಿ ಕೈಫೋನು ಹಳ್ಳಿಯನ್ನು ಹೊಕ್ಕಿತ್ತು. ಆದರೂ ಆ ಶ್ರಮ ವ್ಯರ್ಥವಾಯಿತೆನ್ನಲು ಬಾರದು: ಅದೇ ವಂಶದ ಒಂದು ಕೈಗಣಕವು ‘ಸಾಥಿ’ ಎಂಬ ಹೆಸರಿನಿಂದ ನಮ್ಮ ಸೈನಿಕರ ಕೈ ಸೇರಿತು. ಹಳ್ಳಿಗಾಗಿ ಕಲ್ಪಿಸಿದ ಯಂತ್ರವು ಗಡಿಯಲ್ಲಿ ನೆಲೆ ಕಂಡುದು ವಿಧಿಯ ವಿನೋದವಿರಬಹುದು, ಇಲ್ಲವೆ, ಕೆಲಸವೊಂದು ಕಾದು ಕುಳಿತಿರುವಲ್ಲಿಗೆ ಮಾತ್ರ ಇಂತಹ ಯಂತ್ರವು ಸಲ್ಲುತ್ತದೆ ಎಂಬುದಕ್ಕೆ ನಿದರ್ಶನವಿರಬಹುದು.

ಯಂತ್ರವನ್ನು ಹೊತ್ತವನ ದೃಷ್ಟಿಯಿಂದ ನೋಡಿದರೆ ಇನ್ನೊಂದು ಮುಖವೂ ಉಂಟು. ಕೈಗಣಕವು ಮೀಟರಿನ ಅಂಕಿಯನ್ನಷ್ಟೇ ಅಲ್ಲ, ಅದನ್ನು ಒತ್ತಿದ ಗಳಿಗೆಯನ್ನೂ, ಉಪಗ್ರಹದ ನೆರವಿದ್ದರೆ ಒತ್ತಿದ ಸ್ಥಳವನ್ನೂ ಬರೆದಿಡುತ್ತದೆ. ಆಲದ ಮರದ ಕೆಳಗೆ ಕುಳಿತು ಅಂದಾಜಿನಿಂದ ಅಂಕಿ ತುಂಬುವ ಹಳೆಯ ಚಾಳಿ ಇದರಿಂದ ತಪ್ಪಿತೆಂದು ಅಧಿಕಾರಿಗಳು ಹೇಳುವುದು ನಿಜ. ಆದರೆ ನಾಯಿಗೆ ಹೆದರಿ ಹತ್ತು ನಿಮಿಷ ನಿಂತುದೂ, ಬಿಸಿಲಿಗೆ ತಲೆ ಸುತ್ತಿ ಜಗಲಿಯ ಮೇಲೆ ಕುಳಿತುದೂ ಕಚೇರಿಯ ಪರದೆಯ ಮೇಲೆ ಒಂದೇ ಬಗೆಯ ಖಾಲಿ ಜಾಗವಾಗಿ ಕಾಣುತ್ತವೆ. ಆ ಖಾಲಿ ಜಾಗವನ್ನು ಸೋಮಾರಿತನವೆಂದು ಓದುವುದು ಎಷ್ಟು ಸುಲಭವೋ ಅಷ್ಟೇ ಅನ್ಯಾಯ.

ಈಗ ಓದುಗನೇ ಬೇಡವಾಗುವ ಕಾಲ ಬರುತ್ತಿದೆ. ದೇಶದಲ್ಲಿ 25 ಕೋಟಿ ಸ್ಮಾರ್ಟ್ ಮೀಟರುಗಳನ್ನು ಕೂಡಿಸಬೇಕೆಂಬುದು ಕೇಂದ್ರ ಸರಕಾರದ ಸಂಕಲ್ಪ. ಅವು ತಮ್ಮ ಅಂಕಿಯನ್ನು ತಾವೇ ಕಚೇರಿಗೆ ತಿಳಿಸುವಂಥವು. ಆದರೆ ಮಾತನಾಡಬಲ್ಲ ಮೀಟರು ಮೌನ ತಾಳುವುದೂ ಉಂಟು. ಹಾಗಾದಾಗ ಏಕೆಂದು ಕೇಳಲು ಒಬ್ಬನು ಹೋಗಲೇಬೇಕಷ್ಟೆ. ಆತನ ಚೀಲದಲ್ಲಿಯೂ ಒಂದು ಕೈಗಣಕ ಇದ್ದೇ ಇರುತ್ತದೆ.

ನಮ್ಮ ಬೀದಿಗೆ ಹಲವು ವರ್ಷ ಬರುತ್ತಿದ್ದ ಓದುಗನ ಷರಟಿನ ಜೇಬಿನಲ್ಲಿ, ಯಂತ್ರ ಬಂದ ಮೇಲೂ, ರಬ್ಬರ್ ಬ್ಯಾಂಡು ಸುತ್ತಿದ ಒಂದು ಸಣ್ಣ ಪುಸ್ತಕ ಇರುತ್ತಿತ್ತು. ಒಂದು ದಿನ ಕೇಳಿದಾಗ ಸಂಕೋಚದಿಂದಲೇ ತೋರಿಸಿದ. ಒಂದೊಂದು ನಂಬರಿನ ಮುಂದೆಯೂ ಪೆನ್ಸಿಲಿನಲ್ಲಿ ಒಂದೊಂದು ಸಾಲು: ‘ಹಲಸಿನ ಮರದ ಹಿಂದೆ, ಕೋಲು ಬೇಕು.’ ‘ನಾಯಿ ಕಟ್ಟಿರುವುದಿಲ್ಲ.’ ‘ನಾಲ್ಕು ಗಂಟೆ ಮೇಲೆ ಹೋಗುವುದು, ರಾತ್ರಿ ಪಾಳಿಯವರು.’ ‘ಅಜ್ಜಿಗೆ ಕಿವಿ ಕೇಳದು, ಅಡುಗೆಮನೆ ಕಿಟಕಿ ತಟ್ಟುವುದು.’ ಆತನಿಗೆ ಬೇರೆ ಮಾರ್ಗ ಬಂದ ತಿಂಗಳು, ಅದೇ ಯಂತ್ರವನ್ನು ಹಿಡಿದು ಒಬ್ಬ ಹೊಸ ಹುಡುಗ ನಮ್ಮ ಗೇಟನ್ನು ಕುಟ್ಟಿದ. ಬಿಲ್ಲನ್ನು ಕೈಗಿತ್ತು, ರಬ್ಬರ್ ಬ್ಯಾಂಡು ಬಿಚ್ಚಿ, ಆ ಪುಸ್ತಕದ ಒಂದು ಪುಟದ ಮೇಲೆ ಬೆರಳಿಟ್ಟು ಕೇಳಿದ: “ಸಾರ್, ಈ ಅಜ್ಜಿ ಮನೆ ಯಾವುದು?”